ಮನೆಯಲ್ಲೇ ಕಲರ್ ಪ್ರಿಂಟ್: ಫಿಲ್ಟರ್ ಮುಟ್ಟುವ ಮೊದಲು ಒಣಗಿಸಿ

ಡಾರ್ಕ್‌ರೂಮಿನಲ್ಲಿ ಫಿಲ್ಮ್ ನೆಗೆಟಿವ್‌ನಿಂದ ಫೋಟೊ ಪ್ರಿಂಟ್ ಮಾಡುವಾಗ, ಕಪ್ಪು-ಬಿಳುಪಿನಲ್ಲಿ ಕೈ ಪಳಗಿದವರೂ ಕಲರ್‌ಗೆ ಬಂದರೆ ಎಡವುವುದು ಬಣ್ಣ ಸರಿಪಡಿಸುವ ಫಿಲ್ಟರ್ ಹೊಂದಿಸುವಾಗ. ಹಾಗಾಗಿ ಉಳಿದದ್ದನ್ನು ಬೇಗ ಮುಗಿಸೋಣ.

ಕಲರ್ ಹೆಡ್ (ಬಣ್ಣದ ಫಿಲ್ಟರ್‌ಗಳಿರುವ ದೀಪದ ಭಾಗ) ಇರುವ ಎನ್‌ಲಾರ್ಜರ್ (ನೆಗೆಟಿವ್‌ನ ಚಿತ್ರವನ್ನು ದೊಡ್ಡದಾಗಿ ಪೇಪರಿನ ಮೇಲೆ ಬೀಳಿಸುವ ಯಂತ್ರ), ಆರ್‌ಎ-4 ಪೇಪರ್ (ಕಲರ್ ನೆಗೆಟಿವ್‌ಗಾಗಿ ಇರುವ ಫೋಟೊ ಪೇಪರ್), ಡೆವಲಪರ್, ಬ್ಲಿಕ್ಸ್ (ಬ್ಲೀಚ್, ಫಿಕ್ಸರ್ ಎರಡೂ ಸೇರಿದ ದ್ರಾವಣ), ಪ್ರಿಂಟ್ ಡ್ರಮ್ (ಬೆಳಕು ನುಸುಳದ ಉರುಳೆ ಡಬ್ಬಿ), ಗ್ಲೌಸ್ ಇರಲಿ. ಕೆಂಪು ದೀಪ ಇಲ್ಲಿ ನಡೆಯದು, ಪೂರ್ತಿ ಕತ್ತಲೆಯೇ ಬೇಕು. ಎಕ್ಸ್‌ಪೋಸ್ ಮಾಡಿದ ಪೇಪರನ್ನು ಡ್ರಮ್‌ಗೆ ಸೇರಿಸಿ ಮುಚ್ಚಿದ ಮೇಲೆ ಲೈಟ್ ಹಾಕಬಹುದು. ಅದಕ್ಕೇ ಟ್ರೇಗಿಂತ ಡ್ರಮ್ ವಾಸಿ.

ದ್ರಾವಣಗಳು 35 ಡಿಗ್ರಿಯಲ್ಲಿರಲಿ. ಮೊದಲು ನೀರು 30 ಸೆಕೆಂಡ್, ಡೆವಲಪರ್ 1 ನಿಮಿಷ, ಸ್ಟಾಪ್ ಬಾತ್ (ಡೆವಲಪರ್‌ನ ಕೆಲಸ ನಿಲ್ಲಿಸುವ ದ್ರಾವಣ) 30 ಸೆಕೆಂಡ್, ಬ್ಲಿಕ್ಸ್ 1 ನಿಮಿಷ, ಆಮೇಲೆ 2 ನಿಮಿಷ ತೊಳೆಯಿರಿ. ಕಿಟ್‌ನಲ್ಲಿ ಇಲ್ಲವೆಂದು ಸ್ಟಾಪ್ ಬಾತ್ ಬಿಟ್ಟರೆ ಪ್ರಿಂಟ್ ಮೇಲೆ ಗೆರೆ, ಕಲೆ ಖಚಿತ. ಅಂಗಡಿಯ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿದರೆ ಸಾಕು. ಡೆವಲಪರ್‌ಗೆ ಬ್ಲಿಕ್ಸ್ ಬಿತ್ತೋ, ಚೆಲ್ಲಿಬಿಡಿ.

ಇನ್ನು ಫಿಲ್ಟರ್. ಹಳದಿ 50, ಮೆಜೆಂಟಾ (ಗುಲಾಬಿ-ನೇರಳೆ) 50ರಿಂದ ಶುರು ಮಾಡಿ. ಸಯಾನ್ (ಹಸಿರು-ನೀಲಿ) ಸೊನ್ನೆಯಲ್ಲೇ ಇರಲಿ. ಮೂರನ್ನೂ ಏರಿಸಿದರೆ ಬೆಳಕು ಕಮ್ಮಿಯಾಗುತ್ತದೆಯೇ ಹೊರತು ಬೇರೇನೂ ಸಿಗದು. ಲೆನ್ಸಿನ ತೆರಪು ಎಫ್/8ರಲ್ಲಿಟ್ಟು, 5, 10, 20 ಸೆಕೆಂಡ್‌ಗಳ ಟೆಸ್ಟ್ ಪಟ್ಟಿ (ಬೇರೆ ಬೇರೆ ಹೊತ್ತು ಬೆಳಕು ಬಿಟ್ಟ ಪೇಪರ್ ತುಂಡು) ತೆಗೆದು ಮೊದಲು ಗಾಢತೆ ಸರಿಮಾಡಿಕೊಳ್ಳಿ. ತೀರಾ ಕಪ್ಪಾದ ಅಥವಾ ತೆಳುವಾದ ಪ್ರಿಂಟಿನಲ್ಲಿ ಬಣ್ಣದ ತೀರ್ಪು ಸುಳ್ಳಾಗುತ್ತದೆ. ಒದ್ದೆ ಪ್ರಿಂಟಂತೂ ನೀಲಿಯಾಗಿ ಕಾಣುತ್ತದೆ. ಹೇರ್ ಡ್ರೈಯರ್‌ನಿಂದ ಒಣಗಿಸಿ ಕಿಟಕಿಯ ಬೆಳಕಿನಲ್ಲಿ ನೋಡಿ. ಅಗ್ಗದ ಎಲ್‌ಇಡಿ ಬಲ್ಬನ್ನು ನಂಬಬೇಡಿ. ನೋಡಬೇಕಾದದ್ದು ಮುಖವನ್ನಲ್ಲ, ಆಕಾಶವನ್ನೂ ಅಲ್ಲ: ಸಿಮೆಂಟ್ ಗೋಡೆ, ಡಾಂಬರು ರಸ್ತೆಯಂಥ ಬೂದು ಭಾಗವನ್ನು.

ಪ್ರಿಂಟಿನಲ್ಲಿ ಯಾವ ಬಣ್ಣ ಹೆಚ್ಚಿದೆಯೋ ಅದೇ ಫಿಲ್ಟರನ್ನು ಏರಿಸಬೇಕು. ಎಷ್ಟೋ ಜನ ಇಳಿಸುತ್ತಾರೆ, ಪೇಪರ್ ಹಾಳು. ಹಳದಿ ಫಿಲ್ಟರ್ ನೀಲಿ ಬೆಳಕನ್ನು ತಡೆಯುತ್ತದೆ, ಪೇಪರಿನಲ್ಲಿ ಹಳದಿ ಹುಟ್ಟಿಸುವುದು ಆ ನೀಲಿ ಬೆಳಕೇ. ಹಸಿರು ಹೆಚ್ಚಿದರೆ ಮೆಜೆಂಟಾ ಇಳಿಸಿ, ನೀಲಿಗೆ ಹಳದಿ ಇಳಿಸಿ. ಕೆಂಪಾದರೆ ಎರಡನ್ನೂ ಏರಿಸಿ, ಸಯಾನ್ ಆದರೆ ಎರಡನ್ನೂ ಇಳಿಸಿ. ಕೆಂಪು, ಮೆಜೆಂಟಾ ಎರಡನ್ನೂ ಒಂದೆಂದು ಭಾವಿಸುವವರೇ ಹೆಚ್ಚು: ಗೋಡೆ ಇಟ್ಟಿಗೆಯ ಕಡೆ ವಾಲಿದರೆ ಕೆಂಪು, ಗುಲಾಬಿಯ ಕಡೆ ವಾಲಿದರೆ ಮೆಜೆಂಟಾ. ಅನುಮಾನವಿದ್ದರೆ ಒಮ್ಮೆಲೇ 20 ಬದಲಿಸಿ ಆಚೆ ದಡ ನೋಡಿ, ಆಮೇಲೆ 10, 5 ಎಂದು ಹಿಂದೆ ಬನ್ನಿ. ಮೆಜೆಂಟಾ ಏರಿಸಿದಾಗ ಎಕ್ಸ್‌ಪೋಶರನ್ನೂ ತುಸು ಹೆಚ್ಚಿಸಬೇಕು. ಹಳದಿಗೆ ಅಷ್ಟು ಬೇಕಾಗದು.

ಎಲ್ಲ ಸರಿಯಿದ್ದೂ ಸಂಜೆಯ ಪ್ರಿಂಟ್ ತೆಳುವಾಗಿ ಸಯಾನ್‌ಗೆ ತಿರುಗಿತೇ? ವೋಲ್ಟೇಜ್ ಇಳಿದು ಬಲ್ಬ್ ಕೆಂಪಾಗಿರುತ್ತದೆ. ಸ್ಟೆಬಿಲೈಸರ್ ಹಾಕಿಸಿ. ಸರಿಹೊಂದಿದ ಫಿಲ್ಟರ್ ಅಂಕಿಗಳನ್ನು ಪೇಪರ್ ಡಬ್ಬಿಯ ಮೇಲೆ ಬರೆದಿಡಿ. ಹೊಸ ಡಬ್ಬಿ ತೆರೆದರೆ ಮತ್ತೆ ಟೆಸ್ಟ್ ಪಟ್ಟಿ ತೆಗೆಯಲೇಬೇಕು.