ತೂಕ ಏರಿತು, ಹನಿಯ ಲೆಕ್ಕ ಮಾತ್ರ ನಿಂತೇ ಇತ್ತು

ಎರಡೂವರೆ ಕಿಲೊಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಅವರ ಬೆಳವಣಿಗೆಯನ್ನು ನೋಡಿಕೊಳ್ಳುವ ಹೊರರೋಗಿ ವಿಭಾಗದಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಅಲ್ಲಿಗೆ ಬರುವ ತಾಯಂದಿರು ಮೊದಲ ಭೇಟಿಯಲ್ಲಿ ತೂಕದ ವಿಷಯ ಕೇಳುತ್ತಾರೆ. ಎರಡನೆಯದೋ ಮೂರನೆಯದೋ ಭೇಟಿಯಲ್ಲಿ, ಎದ್ದು ಬಾಗಿಲವರೆಗೆ ಹೋದವರು ತಿರುಗಿ ನಿಂತು, ‘ಬುದ್ಧಿ ಚುರುಕಾಗಲು ಏನಾದರೂ ಹನಿ ಇದೆಯೇ’ ಎನ್ನುತ್ತಾರೆ. ಈ ಪ್ರಶ್ನೆಗೆ ನಾನು ಕೊಡುವ ಉತ್ತರ ಬದಲಾಗುತ್ತಾ ಬಂದಿದೆ, ಮತ್ತು ಅದರಲ್ಲಿ ನನ್ನದೇ ಒಂದು ತಪ್ಪಿನ ಪಾಲು ದೊಡ್ಡದು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದೂವರೆ ಕಿಲೊ ತೂಕದ ಮಗುವೊಂದಕ್ಕೆ ಕಬ್ಬಿಣಾಂಶದ ಹನಿಮದ್ದನ್ನು ಬರೆದುಕೊಟ್ಟಿದ್ದೆ. ಕಿಲೊಗೆ ದಿನಕ್ಕೆ 2 ಮಿ.ಗ್ರಾಂ. ಲೆಕ್ಕದಲ್ಲಿ 3 ಮಿ.ಗ್ರಾಂ.; ಅದನ್ನು ಹನಿಗಳಿಗೆ ಪರಿವರ್ತಿಸಿ ಚೀಟಿಯಲ್ಲಿ ಕಾಣಿಸಿದ್ದೆ. ಮಗು ಪ್ರತಿ ತಿಂಗಳೂ ಬಂತು, ತೂಕದ ಗೆರೆ ಚೆನ್ನಾಗಿ ಮೇಲೇರಿತು, ಎಲ್ಲರೂ ಸಂತೋಷಪಟ್ಟೆವು, ನಾನು ಪ್ರತಿ ಸಲವೂ ‘ಅದೇ ಮದ್ದು ಮುಂದುವರಿಸಿ’ ಎಂದು ಬರೆಯುತ್ತಾ ಹೋದೆ. ಆರನೆಯ ತಿಂಗಳಿಗೆ ಮಗು ಐದು ಕಿಲೊ ಆಗಿತ್ತು, ಹನಿ ಮಾತ್ರ ಅಷ್ಟೇ ಇತ್ತು. ಅಂದರೆ ಕಿಲೊಗೆ 0.6 ಮಿ.ಗ್ರಾಂ. ಸಿಗುತ್ತಿತ್ತು, ಬೇಕಾದದ್ದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಹಿಮೋಗ್ಲೋಬಿನ್ ತಕ್ಕಮಟ್ಟಿಗೆ ಇದ್ದುದರಿಂದ ನಾನು ನಿಶ್ಚಿಂತನಾಗಿದ್ದೆ. ಬೇರೊಂದು ಕಾರಣಕ್ಕೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಫೆರಿಟಿನ್, ಅಂದರೆ ಕಬ್ಬಿಣದ ದಾಸ್ತಾನಿನ ಅಳತೆ, ತಳಕ್ಕಿಳಿದಿರುವುದು ಗೊತ್ತಾಯಿತು. ತಾಯಿ ಒಂದು ದಿನವೂ ತಪ್ಪಿಸಿರಲಿಲ್ಲ. ನಾನು ಬರೆದುಕೊಟ್ಟಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದರು, ಅದೇ ತೊಂದರೆಯಾಗಿತ್ತು.

ಹಿಮೋಗ್ಲೋಬಿನ್ ನನ್ನನ್ನು ಏಕೆ ಏಮಾರಿಸಿತು ಎನ್ನುವುದನ್ನು ಆಮೇಲೆ ಓದಿ ತಿಳಿದುಕೊಂಡೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ಮಗುವಿಗೆ ಹರಿದುಬರುವ ಕಬ್ಬಿಣವೇ ಹುಟ್ಟಿದ ಮೊದಲ ತಿಂಗಳುಗಳ ಬಂಡವಾಳ. ಬೇಗ ಹುಟ್ಟಿದ ಮಗುವಿಗೆ ಆ ಗಂಟು ಪೂರ್ತಿ ಸಿಕ್ಕಿರುವುದಿಲ್ಲ, ದಿನ ತುಂಬಿಯೂ ಸಣ್ಣದಾಗಿ ಹುಟ್ಟಿದ ಮಗುವಿನ ಗಂಟೂ ಹಲವು ಬಾರಿ ಸಣ್ಣದೇ. ಜೊತೆಗೆ ಇಂಥ ಮಕ್ಕಳು ಬೇರೆಯವರಿಗಿಂತ ವೇಗವಾಗಿ ಬೆಳೆಯುತ್ತಾರೆ, ಬೆಳೆದಷ್ಟೂ ರಕ್ತ ಹೆಚ್ಚಬೇಕು, ರಕ್ತ ಹೆಚ್ಚಲು ಕಬ್ಬಿಣ ಬೇಕು. ಕೊರತೆ ಬಿದ್ದಾಗ ದೇಹವು ಇರುವ ಕಬ್ಬಿಣವನ್ನು ಮೊದಲು ಕೆಂಪು ರಕ್ತಕಣಗಳಿಗೆ ಕೊಡುತ್ತದೆ, ಮಿದುಳಿನ ಸರದಿ ಅನಂತರ ಬರುತ್ತದೆ. ಹಾಗಾಗಿ ರಕ್ತಹೀನತೆ ಕಾಣಿಸಿಕೊಳ್ಳುವ ಮುಂಚೆಯೇ, ನರತಂತುಗಳಿಗೆ ಮೈಲಿನ್ ಹೊದಿಕೆ ಕೂಡಿಸುವ ಕೆಲಸಕ್ಕೂ ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ಸಿನ ಬೆಳವಣಿಗೆಗೂ ಕಬ್ಬಿಣ ಸಾಲದೆ ಹೋಗಬಹುದು. ನಾನು ನೋಡುತ್ತಿದ್ದ ಸಂಖ್ಯೆ ಎಲ್ಲಕ್ಕಿಂತ ಕೊನೆಗೆ ಇಳಿಯುವಂಥದ್ದು.

ಸ್ವೀಡನ್ನಿನಲ್ಲಿ ನಡೆದ ಒಂದು ಅಧ್ಯಯನ ನನ್ನ ಅಭ್ಯಾಸವನ್ನು ಗಟ್ಟಿಮಾಡಿತು. 2000ರಿಂದ 2500 ಗ್ರಾಂ ತೂಕದಲ್ಲಿ ಹುಟ್ಟಿದ, ನೋಡಲು ಆರೋಗ್ಯವಂತರಾದ 285 ಶಿಶುಗಳಿಗೆ ಆರು ವಾರದಿಂದ ಆರು ತಿಂಗಳವರೆಗೆ ಕಿಲೊಗೆ ದಿನಕ್ಕೆ 0, 1 ಅಥವಾ 2 ಮಿ.ಗ್ರಾಂ. ಕಬ್ಬಿಣವನ್ನು ಕೊಟ್ಟು, ಮೂರೂವರೆ ವರ್ಷಕ್ಕೆ ಮತ್ತೆ ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬುದ್ಧಿಸೂಚ್ಯಂಕದಲ್ಲಿ ವ್ಯತ್ಯಾಸವೇನೂ ಇರಲಿಲ್ಲ. ಆದರೆ ಕಬ್ಬಿಣ ಸಿಗದ ಗುಂಪಿನಲ್ಲಿ ಸುಮಾರು ಎಂಟರಲ್ಲಿ ಒಂದು ಮಗುವಿಗೆ ಗಮನಿಸಬೇಕಾದ ಮಟ್ಟದ ವರ್ತನೆಯ ತೊಂದರೆಗಳಿದ್ದವು, ಕಬ್ಬಿಣ ಸಿಕ್ಕ ಎರಡೂ ಗುಂಪುಗಳಲ್ಲಿ ಆ ಪ್ರಮಾಣ ಶೇಕಡಾ 3ರ ಆಸುಪಾಸಿನಲ್ಲಿತ್ತು. ಮಾನಸಿಕ ಬೆಳವಣಿಗೆ ಎಂದರೆ ಅಂಕ ಮಾತ್ರ ಎಂದುಕೊಂಡಿದ್ದವರಿಗೆ ಇದು ಸಪ್ಪೆ ಎನಿಸಬಹುದು. ದಿನವಿಡೀ ಸಿಡುಕುವ, ಒಂದೆಡೆ ನಿಲ್ಲದ ಮಗುವಿನೊಂದಿಗೆ ಮನೆಯವರು ಹೇಗೆ ಬಾಳುತ್ತಾರೆ ಎಂಬುದನ್ನು ಕಂಡಿರುವ ನನಗೆ ಹಾಗೆ ಎನಿಸಲಿಲ್ಲ.

ಈಗ ನಾನು ಕಾರ್ಡಿನಲ್ಲಿ ತೂಕದ ಪಕ್ಕದಲ್ಲೇ ಕಬ್ಬಿಣದ ಪ್ರಮಾಣಕ್ಕೆ ಒಂದು ಕಂಬಸಾಲು ಎಳೆದಿದ್ದೇನೆ. ತೂಕ ಬರೆದವರು ಆ ಮನೆಯನ್ನು ಖಾಲಿ ಬಿಡುವಂತಿಲ್ಲ. ತೀರಾ ಸಣ್ಣ ಮಕ್ಕಳಿಗೆ ಎರಡರಿಂದ ನಾಲ್ಕು ವಾರಗಳ ನಡುವೆ ಆರಂಭಿಸುತ್ತೇನೆ, ಕನಿಷ್ಠ ಆರು ತಿಂಗಳು, ಬಹಳ ಬೇಗ ಹುಟ್ಟಿದವರಿಗೆ ವರ್ಷ ತುಂಬುವವರೆಗೂ ಮುಂದುವರಿಸುತ್ತೇನೆ. ಹಲವು ಬಾರಿ ರಕ್ತ ಕೊಡಿಸಿಕೊಂಡ ಮಗುವಾದರೆ ಆ ರಕ್ತದೊಂದಿಗೇ ಸಾಕಷ್ಟು ಕಬ್ಬಿಣ ಒಳಗೆ ಹೋಗಿರುತ್ತದೆ, ಫೆರಿಟಿನ್ ನೋಡದೆ ಹನಿ ಶುರುಮಾಡುವುದಿಲ್ಲ. ಬಾಟಲಿಯನ್ನು ಪ್ರತಿ ಸಲವೂ ತರಲು ಹೇಳುತ್ತೇನೆ. ಕೆಲವು ಬಾಟಲಿಗಳ ಚೀಟಿಯ ಮೇಲೆ ಬರೆದಿರುವುದು ಕಬ್ಬಿಣ ಬೆರೆತ ಲವಣದ ಒಟ್ಟು ತೂಕ, ಕೆಲವುಗಳ ಮೇಲೆ ಶುದ್ಧ ಕಬ್ಬಿಣದ ತೂಕ. ಅಂಥ ಲವಣವಾದ ಫೆರಸ್ ಸಲ್ಫೇಟಿನಲ್ಲಿ ಕಬ್ಬಿಣವಿರುವುದು ಸುಮಾರು ಐದನೇ ಒಂದು ಭಾಗ ಮಾತ್ರ. ‘ಹನಿ’ ಎಂಬ ಅಳತೆಯನ್ನು ನಾನು ಬಿಟ್ಟೇಬಿಟ್ಟಿದ್ದೇನೆ, ಡ್ರಾಪರ್ ಬದಲಾದರೆ ಹನಿಯ ಗಾತ್ರವೂ ಬದಲಾಗುತ್ತದೆ. ಸಿರಿಂಜಿನಲ್ಲಿ ಗೆರೆ ತೋರಿಸಿ, ಮಿ.ಲೀ. ಲೆಕ್ಕದಲ್ಲಿ ಕೊಡುತ್ತೇನೆ. ಮಲ ಕಪ್ಪಗಾಗುತ್ತದೆ ಎನ್ನುವುದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ, ಇಲ್ಲವಾದರೆ ಹೆದರಿ ನಿಲ್ಲಿಸಿದವರು ಮುಂದಿನ ಭೇಟಿಯವರೆಗೂ ಬಾಯಿ ಬಿಡುವುದಿಲ್ಲ.

ಉಳಿದ ಪೂರಕಗಳಲ್ಲಿ ವಿಟಮಿನ್ ಡಿ ದಿನಕ್ಕೆ 400 ಯೂನಿಟ್ ಎಲ್ಲರಿಗೂ ಕೊಡುತ್ತೇನೆ, ಅದು ಮೂಳೆಗಾಗಿ, ಬುದ್ಧಿಗೆಂದು ಹೇಳುವುದಿಲ್ಲ. ಒಂದೂವರೆ ಕಿಲೊಗಿಂತ ಸಣ್ಣವರ ವಿಷಯದಲ್ಲಿ ನಿಜವಾದ ಕೊರತೆ ಪ್ರೋಟೀನಿನದು: ಎದೆಹಾಲಿನ 100 ಮಿ.ಲೀ.ಯಲ್ಲಿ ಪ್ರೋಟೀನ್ 1 ಗ್ರಾಂ ಆಸುಪಾಸಿನಲ್ಲಿರುತ್ತದೆ, ಕಿಲೊಗೆ 180 ಮಿ.ಲೀ. ಕುಡಿಸಿದರೂ 2 ಗ್ರಾಂ ದಾಟುವುದು ಕಷ್ಟ, ಬೇಕಾಗಿರುವುದು ಅದರ ಸುಮಾರು ಎರಡರಷ್ಟು. ಹಾಗೆಂದು ಎದೆಹಾಲನ್ನು ಬಿಡಿಸುವುದಲ್ಲ. ಹಿಂಡಿದ ಎದೆಹಾಲಿಗೇ ಫೋರ್ಟಿಫೈಯರ್, ಅಂದರೆ ಪ್ರೋಟೀನ್ ಮುಂತಾದವನ್ನು ಹೆಚ್ಚಿಸುವ ಪೂರಕ, ಬೆರೆಸಿ, ತೂಕದೊಂದಿಗೆ ತಲೆಯ ಸುತ್ತಳತೆಯನ್ನೂ ವಾರಕ್ಕೊಮ್ಮೆ ಅಳೆಯುತ್ತೇವೆ. ತೂಕ ಏರಿ ತಲೆ ನಿಂತಲ್ಲೇ ನಿಂತರೆ ನನಗೆ ಸಮಾಧಾನವಿರುವುದಿಲ್ಲ.

ಡಿಎಚ್‌ಎ, ಅಂದರೆ ಮಿದುಳಿನಲ್ಲಿ ಹೇರಳವಾಗಿರುವ ಒಮೆಗಾ-3 ಕೊಬ್ಬಿನಾಮ್ಲ, ಅದರ ಬಗ್ಗೆ ಕೇಳುವವರೇ ಹೆಚ್ಚು. 29 ವಾರಕ್ಕಿಂತ ಮುಂಚೆ ಹುಟ್ಟಿದ ಶಿಶುಗಳಿಗೆ ಕಿಲೊಗೆ 60 ಮಿ.ಗ್ರಾಂ. ಡಿಎಚ್‌ಎ ಕೊಟ್ಟ ದೊಡ್ಡ ಪ್ರಯೋಗವೊಂದರ ಮಕ್ಕಳಲ್ಲಿ ಐದು ವರ್ಷಕ್ಕೆ ಬುದ್ಧಿಸೂಚ್ಯಂಕ ಸುಮಾರು 3.5 ಅಂಕ ಹೆಚ್ಚಿತ್ತೆಂದು 2022ರಲ್ಲಿ ವರದಿಯಾಯಿತು. ಅದೇ ಪ್ರಯೋಗದ 2017ರ ವರದಿಯು ಶ್ವಾಸಕೋಶದ ದೀರ್ಘಕಾಲದ ತೊಂದರೆ ಆ ಗುಂಪಿನಲ್ಲಿ ಹೆಚ್ಚಿರಬಹುದೆಂಬ ಎಚ್ಚರಿಕೆಯನ್ನೂ ಕೊಟ್ಟಿತ್ತು. ತೀವ್ರ ನಿಗಾ ಘಟಕದಲ್ಲಿರುವ ಅಷ್ಟು ಸಣ್ಣ ಶಿಶುವಿನ ಫಲಿತಾಂಶವನ್ನು ಎರಡು ಕಿಲೊ ತೂಗಿ ಮನೆಗೆ ಹೋದ ಮಗುವಿಗೆ ಅನ್ವಯಿಸಿ ಬಾಟಲಿ ಮಾರುವುದು ನನಗೆ ಸರಿ ಕಾಣುವುದಿಲ್ಲ, ನಾನು ಬರೆದುಕೊಡುವುದಿಲ್ಲ.

ಬಾಗಿಲ ಬಳಿ ತಿರುಗಿ ನಿಂತ ತಾಯಿಯನ್ನು ಈಗ ಮತ್ತೆ ಕೂರಿಸುತ್ತೇನೆ. ಕಬ್ಬಿಣವು ಬುದ್ಧಿಯನ್ನು ಹೆಚ್ಚಿಸುವುದಿಲ್ಲ, ಮಿದುಳಿಗೆ ಸಲ್ಲಬೇಕಾದದ್ದು ತಪ್ಪದಂತೆ ನೋಡಿಕೊಳ್ಳುತ್ತದೆ ಎಂದು ವಿವರಿಸುತ್ತೇನೆ. ಜಮೈಕಾದಲ್ಲಿ ದಿನ ತುಂಬಿ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳ ಮನೆಗಳಿಗೆ ವಾರಕ್ಕೊಮ್ಮೆ ಹೋಗಿ, ಮಗುವಿನೊಂದಿಗೆ ಮಾತಾಡುವುದನ್ನೂ ಆಡುವುದನ್ನೂ ತಾಯಂದಿರಿಗೆ ಕಲಿಸಿದಾಗ ಬೆಳವಣಿಗೆಯ ಪರೀಕ್ಷೆಗಳಲ್ಲಿ ಆ ಮಕ್ಕಳು ಮುಂದಿದ್ದರು. ಹಾಗಾಗಿ ಮದ್ದು ಕುಡಿಸುವ ಹೊತ್ತನ್ನೇ ಮುಖ ನೋಡಿ ಮಾತಾಡುವ ಹೊತ್ತನ್ನಾಗಿ ಮಾಡಿಕೊಳ್ಳಲು ಹೇಳಿ, ಎದುರಿಗೇ ಒಮ್ಮೆ ಮಾಡಿಸುತ್ತೇನೆ. ಎರಡು ತಿಂಗಳು ಮುಂಚೆ ಹುಟ್ಟಿದ ಮಗು ಆರನೆಯ ತಿಂಗಳಲ್ಲಿ ನಾಲ್ಕು ತಿಂಗಳ ಮಗುವಿನಂತೆ ನಡೆದುಕೊಂಡರೆ ಅದು ಹಿಂದೆ ಬಿದ್ದಿಲ್ಲ ಎಂದು ಕಾರ್ಡಿನ ಮೇಲೆ ತಿದ್ದಿದ ವಯಸ್ಸನ್ನು ಬರೆದು ತೋರಿಸುತ್ತೇನೆ. ಆಮೇಲೆ ಮಗುವನ್ನು ತಕ್ಕಡಿಯ ಮೇಲೆ ಮಲಗಿಸಿ, ಹಳೆಯ ಪ್ರಮಾಣವನ್ನು ಹೊಡೆದುಹಾಕಿ, ಹೊಸದನ್ನು ಸಿರಿಂಜಿನ ಮೇಲೆ ಗುರುತು ಹಾಕಿ ಕೊಡುತ್ತೇನೆ.