ಹಳೆ ಟ್ರ್ಯಾಕ್ಟರಿನ ಕ್ಲಚ್ ಜಾರುತ್ತಿದೆಯೇ? ಬಿಚ್ಚಿಸುವ ಮೊದಲು ಇಷ್ಟು ನೋಡಿ

ಹಳೆ ಟ್ರ್ಯಾಕ್ಟರಿನ ಕ್ಲಚ್ ಕೈ ಕೊಡುವುದು ಬಿತ್ತನೆ ಹೊತ್ತಿಗೇ. ಅದಕ್ಕೆ ಕಾರಣವೂ ಇದೆ. ಖಾಲಿ ಟ್ರೇಲರ್ ಎಳೆಯುವಾಗ ಗೊತ್ತಾಗದ ಜಾರಿಕೆ, ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಹೊಲದಲ್ಲಿ ನೇಗಿಲು ಇಳಿಸಿದ ಕೂಡಲೇ ಬಯಲಾಗುತ್ತದೆ. ಎಂಜಿನ್ ಜೋರಾಗಿ ಕೂಗುತ್ತದೆ, ಗಾಲಿ ಮಾತ್ರ ನಿಧಾನವಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಗಾಲಿ ನಿಂತಲ್ಲೇ ಗಿರಗಿರ ತಿರುಗಿ ಮಣ್ಣಲ್ಲಿ ಹುಗಿದರೆ ಅದು ಕ್ಲಚ್ಚಿನ ತಪ್ಪಲ್ಲ, ಟೈರು ನೋಡಿಕೊಳ್ಳಿ.

ಅನುಮಾನವಿದ್ದರೆ ಎದುರಿಗೆ ಯಾರೂ ಇಲ್ಲದ ಬಯಲಿಗೆ ಒಯ್ಯಿರಿ. ಎರಡೂ ಬ್ರೇಕ್ ಜೋಡಿಸಿ ಗಟ್ಟಿಯಾಗಿ ಒತ್ತಿ, ಮೇಲಿನ ಗೇರ್ ಹಾಕಿ, ನಿಧಾನಕ್ಕೆ ಕ್ಲಚ್ ಬಿಡಿ. ಎಂಜಿನ್ ಗಕ್ಕನೆ ನಿಂತರೆ ಕ್ಲಚ್ ಚೆನ್ನಾಗಿದೆ. ಓಡುತ್ತಲೇ ಇದ್ದರೆ ಜಾರುತ್ತಿದೆ ಅಂತಲೇ ಅರ್ಥ. ಎರಡು ಮೂರು ಸೆಕೆಂಡ್ ಸಾಕು, ಜಾಸ್ತಿ ಹಿಡಿದರೆ ಪರೀಕ್ಷೆಯಲ್ಲೇ ಕ್ಲಚ್ ಪ್ಲೇಟ್, ಅಂದರೆ ಎಂಜಿನ್ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ತಟ್ಟೆ, ಸುಡುತ್ತದೆ.

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಪೆಡಲನ್ನು ಕೈಯಿಂದ ಒತ್ತಿ ನೋಡಿ. ಬಿಗಿ ಸಿಗುವ ತನಕ ಅದು ಸುಮಾರು ಒಂದು ಇಂಚು ಸಡಿಲವಾಗಿ ಇಳಿಯಬೇಕು. ನಿಖರ ಅಳತೆ ನಿಮ್ಮ ಗಾಡಿಯ ಪುಸ್ತಕದಲ್ಲಿದೆ, ಅದನ್ನೇ ನಂಬಿ. ಕ್ಲಚ್ ಪ್ಲೇಟ್ ಸವೆದಂತೆ, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಬೆರಳುಗಳು ರಿಲೀಸ್ ಬೇರಿಂಗಿನ (ಪೆಡಲ್ ಒತ್ತಿದಾಗ ಆ ಬೆರಳುಗಳನ್ನು ತಳ್ಳುವ ಬೇರಿಂಗ್) ಕಡೆಗೆ ಸರಿಯುತ್ತವೆ, ಸಡಿಲ ಕಮ್ಮಿಯಾಗುತ್ತದೆ. ಸಡಿಲ ಪೂರ್ತಿ ಹೋದರೆ ಕಾಲು ಇಡದಿದ್ದರೂ ಕ್ಲಚ್ ಅರ್ಧ ಒತ್ತಿದಂತೆಯೇ ಇರುತ್ತದೆ. ಎಷ್ಟೋ ಸಲ ಪೆಡಲಿನ ರಾಡಿನ ನಟ್ ತಿರುಗಿಸಿ ಸಡಿಲ ಸರಿಮಾಡಿದರೆ ಕೆಲಸ ಮುಗಿಯಿತು. ಎರಡು ಸ್ಪ್ಯಾನರಿನ ಕೆಲಸಕ್ಕೆ ಇಡೀ ಟ್ರ್ಯಾಕ್ಟರ್ ಬಿಚ್ಚಿಸಿದವರನ್ನು ನೋಡಿ ಬೇಜಾರಾಗಿದೆ.

ಸಡಿಲ ಸರಿಯಿದ್ದೂ ಜಾರಿದರೆ ಎಣ್ಣೆ ಹುಡುಕಿ. ಕ್ಲಚ್ ಹೌಸಿಂಗಿನ (ಕ್ಲಚ್ ಕೂತಿರುವ ಕವಚ) ತಳದಲ್ಲಿ ಸಣ್ಣ ತೂತು ಇರುತ್ತದೆ, ಹಲವು ಗಾಡಿಗಳಲ್ಲಿ ಅದರಲ್ಲಿ ಒಂದು ಸ್ಪ್ಲಿಟ್ ಪಿನ್ ತೂಗಾಡುತ್ತದೆ. ಮಣ್ಣು ಕಟ್ಟಿದ್ದರೆ ಕೆದಕಿ ತೆಗೆಯಿರಿ. ಕಪ್ಪನೆಯ ತೆಳ್ಳನೆ ಎಣ್ಣೆ ತೊಟ್ಟಿಕ್ಕಿದರೆ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂದೆ ಎಣ್ಣೆ ತಡೆಯುವ ಸೀಲ್ ಹೋಗಿದೆ. ಮಂದ, ಘಾಟು ವಾಸನೆಯ ಎಣ್ಣೆಯಾದರೆ ಗೇರ್‌ಬಾಕ್ಸ್ ಶಾಫ್ಟಿನ ಸೀಲ್. ಸೀಲ್ ಬದಲಿಸದೆ ಬರೀ ಪ್ಲೇಟ್ ಹಾಕಿಸಿದರೆ ಹಣ ನೀರಿಗೆ ಹಾಕಿದಂತೆ. ಕಿಂಡಿಯಿಂದ ಪೆಟ್ರೋಲ್ ಸುರಿದು ತೊಳೆಯುವವರೂ ಇದ್ದಾರೆ. ಬೇಡವೇ ಬೇಡ, ಬಿಸಿ ಹೌಸಿಂಗಿನಲ್ಲಿ ಬೆಂಕಿ ಹತ್ತೀತು. ಎಣ್ಣೆ ಕುಡಿದ ಪ್ಲೇಟಿನ ಲೈನಿಂಗ್ ತೊಳೆದರೂ ಮೊದಲಿನ ಹಿಡಿತಕ್ಕೆ ಬರುವುದಿಲ್ಲ.

ಇನ್ನು ಡ್ರೈವರ್ ಕಾಲು. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಯಾರ್ಡಿನ ಸಾಲಿನಲ್ಲಿ ಭಾರ ಹೇರಿಕೊಂಡು ಅರ್ಧ ಕ್ಲಚ್ ಹಿಡಿದು ಪ್ಲೇಟ್ ಸವೆಸುತ್ತ ನಿಂತವರನ್ನು ಬೇಕಾದಷ್ಟು ನೋಡಬಹುದು. ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಹಿಡಿದರೆ ಏನು ಹೋಗುತ್ತದೆ, ಅಲ್ವಾ?

ಹಳೆ ಕ್ಯಾಟರ್‌ಪಿಲ್ಲರ್ ಚೈನ್ ಗಾಡಿ ಇಟ್ಟುಕೊಂಡವರಿಗೂ ಒಂದು ಮಾತು. ಅದರ ಡೀಸೆಲ್ ಎಂಜಿನ್ ಎಬ್ಬಿಸಲು ಎರಡು ಸಿಲಿಂಡರಿನ ಪುಟ್ಟ ಪೆಟ್ರೋಲ್ ಎಂಜಿನ್ ಇರುತ್ತದೆ, ಅದಕ್ಕೆ ಬೇರೆಯೇ ಕೈ ಕ್ಲಚ್. ಲಿವರ್ ಟಕ್ಕನೆ ಬಿಗಿಯಾಗಿ ಕೂರಬೇಕು. ಮೆತ್ತಗೆ ಜಾರಿ ಕೂತರೆ ಹೊಂದಿಸಬೇಕು. ಆದರೆ ಮೊದಲು ಡೀಸೆಲ್ ಎಂಜಿನ್ನಿನ ಕಂಪ್ರೆಷನ್ ಬಿಡಿಸುವ ಲಿವರ್ ನೋಡಿ. ತಣ್ಣಗಿರುವ ಎಂಜಿನ್ನನ್ನು ಪೂರ್ತಿ ಕಂಪ್ರೆಷನ್ನಿನಲ್ಲೇ ತಿರುಗಿಸಲು ಹೋದರೆ ಒಳ್ಳೆಯ ಕ್ಲಚ್ಚೂ ಜಾರುತ್ತದೆ.

ಬಿಚ್ಚಲೇಬೇಕಾದರೆ ಟ್ರ್ಯಾಕ್ಟರನ್ನು ನಡುವೆ ಎರಡು ಭಾಗ ಮಾಡಬೇಕಾಗುತ್ತದೆ, ಹಾಗಾಗಿ ಸಮತಟ್ಟು ಜಾಗ ಬೇಕು, ಎರಡೂ ಭಾಗಕ್ಕೆ ಗಟ್ಟಿ ಸ್ಟ್ಯಾಂಡ್ ಬೇಕು. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಹಳೆ ಪ್ಲೇಟಿನ ಧೂಳಿನಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಆಸ್ಬೆಸ್ಟಾಸ್ ಇರಬಹುದು, ಗಾಳಿ ಊದದೆ ಒದ್ದೆ ಬಟ್ಟೆಯಿಂದ ಒರೆಸಿ. ಪ್ಲೇಟ್ ಒತ್ತಿ ಕೂರುವ ಎಂಜಿನ್ನಿನ ಚಕ್ರ, ಅಂದರೆ ಫ್ಲೈವೀಲ್, ನೀಲಿಗಟ್ಟಿ ಬಿರುಕು ಬಿಟ್ಟಿದ್ದರೆ ಲೇತ್‌ಗೆ ಒಯ್ದು ತೋರಿಸಿ. ರಿಲೀಸ್ ಬೇರಿಂಗನ್ನೂ ಆಗಲೇ ಬದಲಿಸಿಬಿಡಿ, ಅದೊಂದಕ್ಕೆ ಮತ್ತೆ ಬಿಚ್ಚುವುದು ಯಾರಿಗೆ ಬೇಕು? ಹೊಸ ಪ್ಲೇಟ್ ಹೊಂದಿಕೊಳ್ಳುವ ತನಕ ಹಗುರ ಕೆಲಸ ಮಾಡಿಸಿ, ಆಮೇಲೆ ಪೆಡಲಿನ ಸಡಿಲ ಇನ್ನೊಮ್ಮೆ ಅಳೆಯಿರಿ.