ರ್ಯಾಲಿಗೆ ಹೋಗೋ ಹುಡುಗರ ಟ್ಯಾಟೂ: ನನ್ನ ಅನುಭವ

ಸೈನ್ಯದಿಂದ ರಿಟೈರ್ ಆಗಿ ಬಂದ ಮೇಲೆ ಧಾರವಾಡದ ಕಡೆ ಹುಡುಗರಿಗೆ ಅಗ್ನಿವೀರ್ ರ್ಯಾಲಿಯ, ಅಂದರೆ ಸೈನ್ಯದ ಭರ್ತಿಯ, ತಯಾರಿ ಮಾಡಿಸುತ್ತಿದ್ದೇನೆ. ಹೊಸ ಹುಡುಗ ಮೈದಾನಕ್ಕೆ ಬಂದರೆ ಓಡಿಸುವ ಮುಂಚೆ ಅಂಗಿ ಬಿಚ್ಚಿಸಿ ನೋಡುತ್ತೇನೆ. 1.6 ಕಿಲೋಮೀಟರನ್ನು ಐದೂವರೆ ನಿಮಿಷದಲ್ಲಿ ಮುಗಿಸೋದು, ಬೀಮ್ ಮೇಲೆ 10 ಪುಲ್‌ಅಪ್ ಹೊಡೆಯೋದು, ಇವೆಲ್ಲ ಕಲಿಸಬಹುದು. ಎದೆ ಮೇಲಿನ ಟ್ಯಾಟೂಗೆ ಮೈದಾನದಲ್ಲಿ ಮದ್ದಿಲ್ಲ.

ಟ್ಯಾಟೂ ಬಗ್ಗೆ ಸೈನ್ಯದ ನಿಯಮ ಸರಳ. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೈಯ ಒಳಭಾಗದಲ್ಲಿ ಇರಬಹುದು, ಅಂಗೈಯ ಹಿಂಬದಿಯಲ್ಲಿ ಇರಬಹುದು. ಕುತ್ತಿಗೆ, ಭುಜ, ಎದೆ, ಬೆನ್ನು ಯಾವುದೂ ನಡೆಯಲ್ಲ, ಚಿಕ್ಕದಾದರೂ ನಡೆಯಲ್ಲ. ತಮ್ಮ ಸಂಪ್ರದಾಯದಂತೆ ಹಚ್ಚೆ ಹಾಕಿಸಿಕೊಂಡ ಬುಡಕಟ್ಟಿನವರಿಗೆ ಮಾತ್ರ ವಿನಾಯಿತಿ, ಅದನ್ನೂ ಒಬ್ಬೊಬ್ಬರದಾಗಿ ನೋಡಿ ಕೊಡುತ್ತಾರೆ. ಬಿಎಸ್‌ಎಫ್, ಸಿಆರ್‌ಪಿಎಫ್‌ಗೆ ಹೋಗುವವರಿಗೆ ಇನ್ನೂ ಬಿಗಿ: ಕೈಯ ಒಳಭಾಗ ಅಂದರೆ ಎಡಗೈ ಮಾತ್ರ, ಯಾಕಂದ್ರೆ ಸೆಲ್ಯೂಟ್ ಹೊಡೆಯೋದು ಬಲಗೈ, ಮತ್ತೆ ಟ್ಯಾಟೂ ಆ ಭಾಗದ ಕಾಲು ಪಾಲಿಗಿಂತ ಚಿಕ್ಕದಿರಬೇಕು. ಬಲಗೈಯಲ್ಲಿ ಹೆಸರು ಬರೆಸಿಕೊಂಡವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಟ್ಯಾಟೂ ಕಂಡ ತಕ್ಷಣ ಬೈಯುವ ಕೋಚ್‌ಗಳಿದ್ದಾರೆ. ಇವನು ಪೋಲಿ, ಶಿಸ್ತಿಲ್ಲ ಅಂತ ಷರಾ ಬರೆದುಬಿಡುತ್ತಾರೆ. ನನಗೆ ಇದು ಸರಿ ಕಾಣಲ್ಲ. ನಮ್ಮ ಅಜ್ಜಿಯರ ಮುಂಗೈ ತುಂಬ ಹಚ್ಚೆ ಇರ್ತಿತ್ತು ಅಲ್ವಾ, ಅವರ ಶಿಸ್ತಿನ ಬಗ್ಗೆ ಯಾರಾದ್ರೂ ಮಾತಾಡಿದ್ರಾ? ಭುಜದ ಮೇಲೆ ಅವ್ವನ ಹೆಸರು ಹಾಕಿಸಿಕೊಂಡ ಹುಡುಗನೊಬ್ಬ ನನ್ನ ಹತ್ತಿರ ಬಂದಿದ್ದ, ಅವನಷ್ಟು ಹೊತ್ತಿಗೆ ಸರಿಯಾಗಿ ಮೈದಾನಕ್ಕೆ ಬರುವವರು ಕಡಿಮೆ. ಮೆಡಿಕಲ್‌ನಲ್ಲಿ ನೋಡೋದು ಟ್ಯಾಟೂ ಎಲ್ಲಿದೆ ಅಂತ, ಹುಡುಗನ ಗುಣ ಅದರಲ್ಲಿ ಕಾಣಲ್ಲ.

ಆ ಹುಡುಗನನ್ನು ಟ್ಯಾಟೂ ತೆಗೆಸೋಕೆ ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ. ಲೇಸರ್ ಶಾಯಿಯನ್ನು ಒಳಗೇ ಪುಡಿ ಮಾಡುತ್ತದೆ, ಆ ಪುಡಿಯನ್ನು ದೇಹ ನಿಧಾನಕ್ಕೆ ಹೊರಗೆ ಹಾಕುತ್ತದೆ. ಹಾಗಾಗಿ ಒಂದು ಸಲ ಮಾಡಿಸಿದ ಮೇಲೆ ಆರರಿಂದ ಎಂಟು ವಾರ ಬಿಟ್ಟೇ ಇನ್ನೊಂದು. ಅವನ ಅಕ್ಷರಗಳ ಕಪ್ಪು ಬೇಗ ಮಾಸಿ ಬೂದಿ ಬಣ್ಣಕ್ಕೆ ಬಂತು. ಸುತ್ತ ಇದ್ದ ಹಸಿರು ಬಳ್ಳಿ ಮಾತ್ರ ಹಠ ಹಿಡಿದು ಕೂತಿತ್ತು, ಹಸಿರು ಯಾವಾಗಲೂ ಹಾಗೇ. ಗುಳ್ಳೆ ಎದ್ದಾಗ ಒಡೆಯಬೇಡ, ಬಿಸಿಲಿಗೆ ಬಿಡಬೇಡ ಅಂತ ಡಾಕ್ಟರು ಹೇಳಿದ್ದರು, ಅದಕ್ಕೇ ಅವನು ತುಂಬು ತೋಳಿನ ಅಂಗಿ ಹಾಕಿಕೊಂಡೇ ಓಡುತ್ತಿದ್ದ.

ಖರ್ಚು ಜಾಸ್ತಿ ಅಂತ ಆ್ಯಸಿಡ್ ಹಚ್ಚುವವರು, ಬಿಸಿ ಕಬ್ಬಿಣ ಇಡುವವರು ಇದ್ದಾರೆ. ದಯವಿಟ್ಟು ಬೇಡ. ದೊಡ್ಡ ಕಲೆ ಉಳಿದರೆ ಅದಕ್ಕೂ ಪ್ರಶ್ನೆ ಬರುತ್ತದೆ. ಮೇಲೆ ಇನ್ನೊಂದು ಟ್ಯಾಟೂ ಹಾಕಿಸಿ ಮುಚ್ಚೋದಂತೂ ಸುಮ್ನೆ ದುಡ್ಡು ದಂಡ, ಜಾಗ ಅದೇ ತಾನೇ.

ಲೇಸರ್‌ಗೆ ತಿಂಗಳುಗಟ್ಟಲೆ ಬೇಕು, ವಯಸ್ಸಿನ ಮಿತಿ ಕಾಯಲ್ಲ. ಅದಕ್ಕೆ ಈಗ ಪಿಯುಸಿ ಮೊದಲ ವರ್ಷದ ಹುಡುಗರನ್ನೇ ಕರೆದು ನಿಯಮ ಓದಿಸುತ್ತೇನೆ, ಟ್ಯಾಟೂ ಇದ್ದವನ ತಂದೆ ತಾಯಿಯನ್ನೂ ಕೂರಿಸಿಕೊಂಡು ಮಾತಾಡುತ್ತೇನೆ.